ಹೊನ್ನಕುಪ್ಪೆ ಗೇಟಿನ ಸಂಜೆ ವೈರ್‌ಲೆಸ್ಸಿನಲ್ಲಿ ನಾನು ಆಡಿದ ಮಾತು

ಗುರುಶಾಂತಪ್ಪ ಬಿನ್ ಲೇಟ್ ರೇವಣಸಿದ್ದಪ್ಪ, ವಯಸ್ಸು ಮೂವತ್ತೆಂಟು, ರೇಡಿಯೋ ಮತ್ತು ಟಿ.ವಿ. ರಿಪೇರಿ ಕೆಲಸ, ಅಂಗಡಿ ಜಯನಗರ ನಾಲ್ಕನೇ ಬ್ಲಾಕ್, ವಾಸ ಬನಶಂಕರಿ ಎರಡನೇ ಹಂತ, ನಾಗಲಕ್ಷ್ಮಮ್ಮನವರ ಮನೆಯ ಎರಡನೇ ಮಹಡಿ, ಬೆಂಗಳೂರು. ಠಾಣೆಯಿಂದ ಹೇಳಿಕಳುಹಿಸಿದ ಮೇರೆಗೆ ಈ ದಿನ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೇಲೆ ಹೇಳಿದ ವಿಳಾಸದಲ್ಲಿ ಆರು ವರ್ಷದಿಂದ ಬಾಡಿಗೆಗೆ ಇರುತ್ತೇನೆ. ನನ್ನ ಹೆಂಡತಿ ಉಮಾಮಹೇಶ್ವರಿ, ವಯಸ್ಸು ಮೂವತ್ತೆರಡು. ಆಕೆಯ ತಂದೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ಸರ್ವಿಸ್ಸಿನಲ್ಲಿರುವಾಗಲೇ ತೀರಿಕೊಂಡರು. ಆ ಕಾರಣ ಆಕೆಗೆ ಕೆಲಸ ಸಿಕ್ಕಿತು. ಈಗ ಮೈಸೂರು ಮಾರ್ಗದ ಹೊನ್ನಕುಪ್ಪೆ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿರುತ್ತಾಳೆ. ನಮಗೆ ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಿಲ್ಲ.

ಈ ವರ್ಷ, ಅಂದರೆ 1987ರ ಬೇಸಿಗೆಯಲ್ಲಿ, ಆ ಮಾರ್ಗದ ಕೆಲವು ಎಂಜಿನ್ನುಗಳಿಗೂ ಸ್ಟೇಷನ್ನುಗಳಿಗೂ ಪ್ರಯೋಗಕ್ಕೆಂದು ವೈರ್‌ಲೆಸ್ ಸೆಟ್ ಕೊಟ್ಟರು. ಅದಕ್ಕೆ ಮುಂಚೆ ಸಿಗ್ನಲ್ ಬೀಳದೆ ಗಾಡಿ ಹೊರಗೆ ನಿಂತರೆ ಡ್ರೈವರ್ ಸೀಟಿ ಹೊಡೆದು ಕಾಯಬೇಕಿತ್ತು. ಆಮೇಲೂ ಏನೂ ತಿಳಿಯದಿದ್ದರೆ ಜೊತೆಯವನನ್ನು ಇಳಿಸಿ ಸ್ಟೇಷನ್ನಿಗೆ ನಡೆಸುತ್ತಿದ್ದ. ಸೆಟ್ ಬಂದ ಮೇಲೆ ಕೂತಲ್ಲಿಂದಲೇ ಕೇಳಬಹುದು. ಗಾಡಿ ನಡೆಸಲು ಸಿಗ್ನಲ್ಲೇ ಅಪ್ಪಣೆ, ವೈರ್‌ಲೆಸ್ ಬರೀ ತಿಳಿವಳಿಕೆಗೆ ಎಂದು ನನ್ನ ಹೆಂಡತಿ ಹೇಳಿದ್ದಳು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅದೇ ಮಾತಿನಲ್ಲಿ ತಿರುಗಿ ಹೇಳಬೇಕು, ತಪ್ಪು ಕೇಳಿಸಿಕೊಂಡಿಲ್ಲ ಎಂದು ಗೊತ್ತಾಗಲು. ಮಾತು ಮುಗಿದ ಗುರುತಿಗೆ ಓವರ್ ಅನ್ನಬೇಕು.

ಆ ಸೆಟ್ಟುಗಳನ್ನು ನೋಡಿಕೊಳ್ಳುವ ಕಂಟ್ರಾಕ್ಟು ಹಿಡಿದವರ ಬಳಿ ವೆಂಕಟಸ್ವಾಮಿ ಎಂಬ ಮೆಕ್ಯಾನಿಕ್ ಇದ್ದಾನೆ. ಅವನು ನನಗೆ ಹಳೆಯ ಪರಿಚಯ. ತನ್ನ ಕೈಲಿ ಆಗದ ಸೆಟ್ಟುಗಳನ್ನು ನನ್ನ ಅಂಗಡಿಗೆ ತರುತ್ತಿದ್ದ. ಹೊರಗಿನವರಿಗೆ ಕೊಡಬಾರದೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಜೂನ್ ತಿಂಗಳಲ್ಲಿ ಒಂದು ಸೆಟ್ ರಿಪೇರಿ ಮುಗಿಸಿ, ಸರಿಯಾಗಿದೆಯೇ ನೋಡಲು ಮನೆಯ ಟೆರೇಸಿಗೆ ತಂದು, ಟಿ.ವಿ. ಆಂಟೆನಾ ಕಂಬಕ್ಕೆ ಒಂದು ತಂತಿ ಏರಿಸಿ ಹಚ್ಚಿದೆ. ನಮ್ಮ ಮನೆ ಎತ್ತರದಲ್ಲಿದೆ. ಮೊದಲು ಬರೀ ಗೊರಗೊರ ಶಬ್ದ. ಆಮೇಲೆ ನನ್ನ ಹೆಂಡತಿಯ ಧ್ವನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಬಂತು.

ಆಕೆ ಒಂದು ಗೂಡ್ಸ್ ಗಾಡಿಯ ಡ್ರೈವರಿಗೆ, ಎದುರಿನ ಗಾಡಿ ಬರುವವರೆಗೆ ಹೊರಗೇ ನಿಲ್ಲಬೇಕು, ಇಪ್ಪತ್ತು ನಿಮಿಷ ಆಗಬಹುದು ಎಂದಳು. ಒಬ್ಬ ಗಂಡಸು, ಎದುರಿನ ಗಾಡಿ ಬರುವವರೆಗೆ ಹೊರಗೇ ನಿಲ್ಲಬೇಕು, ಇಪ್ಪತ್ತು ನಿಮಿಷ ಆಗಬಹುದು ಎಂದು ನಿಧಾನವಾಗಿ ತಿರುಗಿ ಹೇಳಿದ. ಧ್ವನಿ ಚೆನ್ನಾಗಿತ್ತು. ಆಕೆ ಸರಿ ಎಂದಳು. ಅಷ್ಟೇ ಮಾತು. ನಾನು ಸೆಟ್ ಆಫ್ ಮಾಡಿ ಕೆಳಗಿಳಿದೆ.

ಆ ಸೆಟ್ ಹಿಂದಕ್ಕೆ ಕೊಡಲಿಲ್ಲ. ವೆಂಕಟಸ್ವಾಮಿಗೆ ಒಂದು ಪಾರ್ಟು ಮದ್ರಾಸಿನಿಂದ ಬರಬೇಕು ಎಂದು ಸುಳ್ಳು ಹೇಳಿದೆ. ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದು ಟೆರೇಸಿನಲ್ಲಿ ಕೂರುವುದು ರೂಢಿಯಾಯಿತು. ಮನೆ ಮಾಲೀಕರಾದ ನಾಗಲಕ್ಷ್ಮಮ್ಮನವರು ಸಂಡಿಗೆ ಒಣಹಾಕಲು ಬಂದಾಗ ನೋಡಿ, ಟಿ.ವಿ. ಸಂಜೆ ತಾನೇ ಬರೋದು, ಹಗಲಿಡೀ ಕಂಬ ಹಿಡಿದು ಏನು ಮಾಡುತ್ತೀ ಎಂದು ಕೇಳಿದರು. ಸಿಗ್ನಲ್ ನೋಡುತ್ತಿದ್ದೇನೆ ಎಂದೆ.

ಆ ಧ್ವನಿಯವರ ಹೆಸರು ಬದರಿನಾಥ ಎಂದು ಅದೇ ವಾರ ಗೊತ್ತಾಯಿತು. ಬೇರೆ ಡ್ರೈವರುಗಳೂ ಮಾತನಾಡುತ್ತಿದ್ದರು. ಅವರು ಅವಸರದವರು, ಅರ್ಧ ತಿರುಗಿ ಹೇಳಿ ಬಿಡುತ್ತಿದ್ದರು. ಬದರಿನಾಥರು ಒಂದು ಅಕ್ಷರ ಬಿಡುತ್ತಿರಲಿಲ್ಲ. ನನ್ನ ಹೆಂಡತಿ ಏನು ಹೇಳಿದರೂ ಅದು ಅವರ ಬಾಯಿಂದ ಪೂರ್ತಿಯಾಗಿ ಹಿಂದಕ್ಕೆ ಬರುತ್ತಿತ್ತು. ಅದು ನಿಯಮವೆಂದು ನನಗೆ ತಿಳಿದಿತ್ತು. ತಿಳಿದಿದ್ದೂ ಸಹಿಸಲು ಆಗುತ್ತಿರಲಿಲ್ಲ. ಮನೆಯಲ್ಲಿ ನಾವಿಬ್ಬರೂ ಕಡಿಮೆ ಮಾತಿನವರು. ಆಕೆ ಡ್ಯೂಟಿ ಮುಗಿಸಿ ಬಂದರೆ ಸುಸ್ತಾಗಿರುತ್ತಾಳೆ. ನಾನು ರೇಡಿಯೋ ಬಿಚ್ಚಿಕೊಂಡು ಕೂತಿರುತ್ತೇನೆ. ಸಾರು ಹೇಗಿದೆ ಎಂದು ಕೇಳಿದರೆ ನಾನು ತಲೆ ಆಡಿಸುತ್ತೇನೆ.

ಖಾಸಗಿ ಮಾತು ಏನೇನು ಕೇಳಿದೆ ಎಂದು ರೈಲ್ವೆಯ ವಿಚಾರಣೆ ಸಾಹೇಬರೂ ಕೇಳಿದರು, ತಾವೂ ಕೇಳಿದ್ದೀರಿ. ಬದರಿನಾಥರ ಮೇಲೆ ಕ್ರಮ ತೆಗೆದುಕೊಳ್ಳಲು ಅದು ಬೇಕಾಗುತ್ತದೆ ಎಂದರು. ಒಂದು ದಿನ ಅವರು, "ಊಟ ಆಯ್ತಾ ಮೇಡಂ, ಓವರ್" ಎಂದರು. ನನ್ನ ಹೆಂಡತಿ, "ಆಯ್ತು, ಓವರ್" ಎಂದಳು. ಇನ್ನೊಂದು ದಿನ, "ಗುಡ್ಡದ ಮರೆಗೆ ಬಂದ್ರೆ ನಿಮ್ ಧ್ವನಿ ಕಳ್ದೋಗತ್ತೆ ಮೇಡಂ, ಆಫೀಸಿಗೆ ತಿಳ್ಸಿ" ಎಂದರು. ಹೊನ್ನಕುಪ್ಪೆಗೂ ಬೆಂಗಳೂರಿಗೂ ನಡುವೆ ಒಂದು ಕಲ್ಲುಗುಡ್ಡ ಇದೆ, ಅದರ ಈಚೆ ಬದಿಯಲ್ಲಿರುವ ಗಾಡಿಗೆ ಸ್ಟೇಷನ್ನಿನ ಸೆಟ್ ಕೇಳುವುದಿಲ್ಲ. ಅದು ಕೆಲಸದ ಮಾತೇ. ನಾನು ಮಾತ್ರ ಧ್ವನಿ ಕಳೆದುಹೋಗತ್ತೆ ಎಂದಿದ್ದನ್ನೇ ಎರಡು ದಿನ ಯೋಚಿಸಿದೆ. ಮೂರನೆಯದನ್ನು ಮುಂದೆ ಹೇಳುತ್ತೇನೆ. ಇದಕ್ಕಿಂತ ಹೆಚ್ಚಿಗೆ ನಾನು ಏನೂ ಕೇಳಿಲ್ಲ. ಹೆಚ್ಚಿಗೆ ಸಿಗಲಿ ಎಂದೇ ಕಾದಿದ್ದೆ, ಸಿಗಲಿಲ್ಲ.

ಜುಲೈನಲ್ಲಿ ಒಂದು ಸಂಜೆ ಊಟ ಮಾಡುವಾಗ, ಸೆಟ್ಟಿನಲ್ಲಿ ಡ್ರೈವರುಗಳು ಸರಿಯಾಗಿ ಮಾತನಾಡುತ್ತಾರೋ ಎಂದು ನನ್ನ ಹೆಂಡತಿಯನ್ನು ಕೇಳಿದೆ. ಮಾತನಾಡುತ್ತಾರೆ ಎಂದಳು. ಯಾರು ಚೆನ್ನಾಗಿ ಮಾತನಾಡುತ್ತಾರೆ ಎಂದೆ. ಎಲ್ಲರೂ ಎಂದಳು. ಎಲ್ಲರೂ ಎಂದದ್ದು ನನಗೆ ಅನುಮಾನಕ್ಕೆ ಕಾರಣವಾಯಿತು.

ಬದರಿನಾಥರು ಪುಟ್ಟೇನಹಳ್ಳಿ ಕೆರೆಯ ಹತ್ತಿರ ಇರುವರೆಂದು ವೆಂಕಟಸ್ವಾಮಿಯಿಂದ ತಿಳಿದುಕೊಂಡು ಒಂದು ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋದೆ. ಅವರ ಮನೆ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಟೀ ಕುಡಿಯುತ್ತಾ ನಿಂತೆ. ಅವರು ಹೊರಗೆ ಬಂದು ಬಟ್ಟೆ ಒಣಹಾಕಿದರು. ವಯಸ್ಸು ನಲವತ್ತು ಇರಬಹುದು, ನನಗಿಂತ ಎತ್ತರ, ತಲೆಯಲ್ಲಿ ಕೂದಲು ಪೂರ್ತಿ ಇದೆ. ಬಟ್ಟೆಯ ಸಾಲಿನಲ್ಲಿ ಒಂದು ಸೀರೆಯೂ ಇತ್ತು. ಅದು ಹೆಂಡತಿಯದೋ ಎಂದು ಅಂಗಡಿಯವನನ್ನು ಕೇಳಿದೆ. "ಅವ್ರ್ ತಾಯಿದು ಸಾರ್. ಹೆಂಡ್ತಿ ಹೋಗ್ಬಿಟ್ರು, ನಾಕ್ ವರ್ಷ ಆಯ್ತು. ಒಳ್ಳೆ ಮನುಷ್ಯ" ಎಂದ. ಟೀ ಅರ್ಧಕ್ಕೆ ಬಿಟ್ಟೆ. ವಾಪಸ್ ಬರುವಾಗ ಯಡಿಯೂರು ಕೆರೆ ದಾಟುವವರೆಗೂ ಆ ತಲೆಕೂದಲೇ ಕಣ್ಣ ಮುಂದೆ ಇತ್ತು.

ಮೂರನೆಯ ಮಾತು ಕೇಳಿದ್ದು ಆಗಸ್ಟ್ ಮೊದಲ ವಾರ. ಬದರಿನಾಥರ ಗಾಡಿ ಹೊನ್ನಕುಪ್ಪೆಯ ಹೋಮ್ ಸಿಗ್ನಲ್ಲಿನ, ಅಂದರೆ ಸ್ಟೇಷನ್ನಿನ ಒಳಕ್ಕೆ ಬಿಡುವ ಸಿಗ್ನಲ್ಲಿನ, ಹೊರಗೆ ನಿಂತಿತ್ತು. ಕೆಲಸದ ಮಾತು ಮುಗಿದ ಮೇಲೆ ಅವರು, "ಮೇಡಂ, ಆ ವಿಷ್ಯ ಮನೇಲಿ ಹೇಳಿದ್ರಾ, ಓವರ್" ಎಂದರು. ಆಮೇಲೆ ನನ್ನ ಹೆಂಡತಿ, "ಇನ್ನೂ ಇಲ್ಲ. ಹೇಳೋಕೆ ಧೈರ್ಯ ಬರ್ತಿಲ್ಲ, ಓವರ್" ಎಂದಳು.

ಆ ದಿನದಿಂದ ನನಗೆ ಅನ್ನ ಸೇರಲಿಲ್ಲ. ಆಕೆ ಮನೆಯಲ್ಲಿ ಎದುರಿಗೆ ಬಂದಾಗಲೆಲ್ಲಾ ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ಹಾಲಿನವನು ಬಂದಿಲ್ಲ ಎನ್ನುತ್ತಿದ್ದಳು. ನಲ್ಲಿಯಲ್ಲಿ ನೀರು ನಿಂತಿತು ಎನ್ನುತ್ತಿದ್ದಳು. ನನಗೆ ಗೊತ್ತಿಲ್ಲದ್ದು ಒಬ್ಬ ಹೊರಗಿನ ಗಂಡಸಿಗೆ ಗೊತ್ತಿದೆ ಎಂಬುದು ನನ್ನ ತಲೆಯಿಂದ ಹೋಗಲಿಲ್ಲ. ಕೇಳಬೇಕೆಂದರೆ, ನಾನು ಕದ್ದು ಕೇಳುತ್ತಿರುವುದು ಗೊತ್ತಾಗುತ್ತದೆ. ಆದ್ದರಿಂದ ಕೇಳಲಿಲ್ಲ. ಕಂಬದ ತಂತಿಯನ್ನು ಇನ್ನೂ ಸ್ವಲ್ಪ ಎತ್ತರಕ್ಕೆ ಕಟ್ಟಿದೆ.

ದಿನಾಂಕ 19ನೇ ಆಗಸ್ಟ್, ಬುಧವಾರ. ಸಂಜೆ ನಾಲ್ಕು ಗಂಟೆಯ ಮೇಲೆ ನಾನು ಟೆರೇಸಿನಲ್ಲಿದ್ದೆ. ನಾಗಲಕ್ಷ್ಮಮ್ಮನವರು ಒಣಮೆಣಸಿನಕಾಯಿ ತಿರುವುತ್ತಾ ಇನ್ನೊಂದು ಮೂಲೆಯಲ್ಲಿದ್ದರು. ಬೆಂಗಳೂರಿನಿಂದ ಹೊರಟ ಪ್ಯಾಸೆಂಜರ್ ಗಾಡಿಗೆ ಬದರಿನಾಥರು ಡ್ರೈವರ್ ಎಂದು ಅವರು ಸೆಟ್ಟಿನಲ್ಲಿ ಮಾತನಾಡಿದ್ದರಿಂದ ಗೊತ್ತಿತ್ತು. ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿತ್ತು.

ಆಗ ನನ್ನ ಹೆಂಡತಿಯ ಧ್ವನಿ ಬಂತು. ಗುಡ್ಡದ ತಿರುವಿನಾಚೆಯ ಗೇಟಿನಲ್ಲಿ ಮದುವೆ ದಿಬ್ಬಣದ ಬಸ್ಸೊಂದು ಆಕ್ಸಲ್ ಮುರಿದು ಹಳಿಯ ಮೇಲೆ ನಿಂತುಬಿಟ್ಟಿದೆ, ಗೇಟ್‌ಮನ್ ಪಿಳ್ಳಪ್ಪ ಫೋನ್ ಮಾಡಿದ್ದಾನೆ, ಬಾಗಿಲು ಗೇಟಿನ ಕಂಬಕ್ಕೆ ಒತ್ತಿಕೊಂಡು ಜನ ಇಳಿಯಲಾಗುತ್ತಿಲ್ಲ, ಕಿಟಕಿಯಿಂದ ಮಕ್ಕಳನ್ನು ಇಳಿಸುತ್ತಿದ್ದಾರೆ, ಗಾಡಿ ತಕ್ಷಣ ನಿಲ್ಲಿಸಿ ಎಂದಳು. ಆ ಗೇಟು ಎರಡು ಸ್ಟೇಷನ್ನುಗಳ ನಡುವೆ ಇದೆ, ಅಲ್ಲಿ ಸಿಗ್ನಲ್ ಇಲ್ಲ. ಪಿಳ್ಳಪ್ಪ ಕೆಂಪು ಬಾವುಟ ಹಿಡಿದು ಗಾಡಿಗೆ ಎದುರಾಗಿ ಓಡಿದ್ದನೆಂದು ಆಮೇಲೆ ತಿಳಿಯಿತು.

ಉತ್ತರ ಬರಲಿಲ್ಲ. ಆಕೆ ಮತ್ತೆ ಅದನ್ನೇ ಹೇಳಿದಳು. ಆಗ ಬದರಿನಾಥರು, ಗುಡ್ಡ ಹತ್ತಿರ ಬರುತ್ತಿದೆ, ಹೊನ್ನಕುಪ್ಪೆಯಲ್ಲಿ ಲೈನ್ ಖಾಲಿ ಇದೆಯೇ ಎಂದು ಮಾಮೂಲಿನಂತೆ ಕೇಳಿದರು. ಆಕೆಯ ಮಾತು ಅವರಿಗೆ, ಅವರ ಮಾತು ಆಕೆಗೆ ತಲುಪುತ್ತಿರಲಿಲ್ಲ. ಗುಡ್ಡದ ಎರಡೂ ಬದಿಯ ಮಾತು ನನ್ನ ಟೆರೇಸಿಗೆ ಬರುತ್ತಿತ್ತು.

ಮೂರನೇ ಸಲ ಆಕೆ ಯಾವಾಗಲೂ ಕರೆಯುವ ಗಾಡಿಯ ನಂಬರ್ ಬಿಟ್ಟು, "ಬದರಿನಾಥ್, ಬದರಿನಾಥ್, ಕೇಳಿಸ್ತಿದ್ಯಾ, ಬದರಿನಾಥ್" ಎಂದಳು. ಮದುವೆಯಾದಾಗಿನಿಂದ ಆಕೆ ನನ್ನ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಹೇಳುವುದಿಲ್ಲ. ಅದು ಆ ಹೊತ್ತಿನಲ್ಲೂ ನನ್ನ ಮನಸ್ಸಿಗೆ ಬಂತು.

ತಕ್ಷಣ ಮಾತನಾಡಿದೆಯೋ, ತಡ ಮಾಡಿದೆಯೋ ಎಂದು ತಾವು ಕೇಳಿದ್ದೀರಿ. ತಡ ಮಾಡಿದೆ. ಎಷ್ಟು ಹೊತ್ತು ಎಂದು ಹೇಳಲಾರೆ. ಬೆರಳು ಬಟನ್ನಿನ ಮೇಲೆ ಇತ್ತು. ನಾನು ಮಾತನಾಡಿದರೆ ಇಷ್ಟು ದಿನ ಕೇಳುತ್ತಿದ್ದುದು ನನ್ನ ಹೆಂಡತಿಗೆ ಗೊತ್ತಾಗುತ್ತದೆ ಎಂದು ಯೋಚಿಸಿದೆ. ಗಾಡಿ ನಿಲ್ಲದಿದ್ದರೆ ಆ ಧ್ವನಿ ಇನ್ನು ಕೇಳಿಸುವುದಿಲ್ಲ ಎಂಬ ಯೋಚನೆಯೂ ಬಂತು. ಬಂದದ್ದು ನಿಜ, ಬರೆದುಕೊಳ್ಳಬಹುದು. ಕಿಟಕಿಯಿಂದ ಮಕ್ಕಳನ್ನು ಇಳಿಸುತ್ತಿದ್ದಾರೆ ಎಂದು ಆಕೆ ನಾಲ್ಕನೇ ಸಲ ಹೇಳಿದಾಗ ಬಟನ್ ಒತ್ತಿದೆ.

ಗಾಡಿ ನಿಲ್ಲಿಸಿ, ಗೇಟಿನ ಮೇಲೆ ಬಸ್ ಇದೆ ಎಂದೆ. ಬದರಿನಾಥರು, "ಯಾರ್ ಮಾತಾಡ್ತಿರೋದು? ಇದು ರೈಲ್ವೆ ಲೈನು. ಸೆಟ್ ಆಫ್ ಮಾಡಿ" ಎಂದರು. ನಾನು ಮತ್ತೆ ಹೇಳಿದೆ. ಅವರು, "ಸ್ಟೇಷನ್ ಹೇಳ್ಬೇಕು ನಂಗೆ. ನೀವ್ ಯಾರು, ಹೆಸರ್ ಹೇಳಿ" ಎಂದರು. ಯಾರೋ ತಮಾಷೆಗೆ ಹೇಳಿದ್ದನ್ನು ಕೇಳಿ ಡ್ರೈವರ್ ಗಾಡಿ ನಿಲ್ಲಿಸುವಂತಿಲ್ಲ, ಅವರು ಕೇಳಿದ್ದು ಸರಿಯೇ.

ನಾನು ಹೇಳಿದ್ದು ಇಷ್ಟು: "ನಾನು ಗುರುಶಾಂತಪ್ಪ. ಹೊನ್ನಕುಪ್ಪೆ ಮೇಡಂ ಗಂಡ. ಬನಶಂಕರೀಲಿದೀನಿ. ಅವ್ರ್ ಕರೀತಿರೋದು ನಿಮಗೆ ಕೇಳ್ತಿಲ್ಲ, ನಂಗೆ ಕೇಳ್ತಿದೆ. ತಿರುವು ದಾಟಿದ್ರೆ ಗೇಟು. ಗೇಟ್ ಮೇಲೆ ಮದುವೆ ಬಸ್ಸು ಕೆಟ್ಟು ನಿಂತಿದೆ, ಒಳಗೆ ಮಕ್ಕಳಿದಾರೆ. ನಿಲ್ಸಿ."

ಓವರ್ ಅನ್ನಲು ನನಗೆ ನೆನಪಾಗಲಿಲ್ಲ. ಬಟನ್ ಬಿಟ್ಟೆ. ನಾಗಲಕ್ಷ್ಮಮ್ಮನವರು ಮೆಣಸಿನಕಾಯಿ ಕೈಯಲ್ಲೇ ಹತ್ತಿರ ಬಂದು, "ಯಾರ್ ಹತ್ರನಪ್ಪಾ ಹಿಂಗ್ ಕೂಗ್ತಿದೀಯ?" ಎಂದರು.

ಆಗ ಸೆಟ್ಟಿನಲ್ಲಿ ಬದರಿನಾಥರು, "ಗೇಟ್ ಮೇಲೆ ಮದುವೆ ಬಸ್ಸು ಕೆಟ್ಟು ನಿಂತಿದೆ, ಒಳಗೆ ಮಕ್ಕಳಿದಾರೆ. ನಿಲ್ಲಿಸ್ತಿದೀನಿ, ಓವರ್" ಎಂದರು. ಬಸ್ಸಿನ ವಿಷಯ ನಾನು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ತಿರುಗಿ ಹೇಳಿದರು. ಹಿಂದೆ ಬ್ರೇಕಿನ ಸದ್ದು ಬಹಳ ಹೊತ್ತು ಕೇಳಿಸಿತು.

ಗಾಡಿ ತಿರುವು ದಾಟಿ, ಬಸ್ಸಿಗೆ ಎರಡು ತಂತಿಕಂಬದಷ್ಟು ಈಚೆಗೆ ನಿಂತಿತು. ಪಿಳ್ಳಪ್ಪನ ಬಾವುಟ ಕಂಡಾಗ ಬ್ರೇಕ್ ಹಾಕಿ ಆಗಿತ್ತು, ಆಗ ಹಾಕಿದ್ದರೆ ಸಾಲುತ್ತಿರಲಿಲ್ಲ ಎಂದು ಬದರಿನಾಥರು ತಮ್ಮ ಹೇಳಿಕೆಯಲ್ಲಿ ಬರೆಸಿರುವುದಾಗಿ ತಿಳಿದಿದೆ. ಬಸ್ಸಿನಲ್ಲಿದ್ದವರಲ್ಲಿ ಕಿಟಕಿಯಿಂದ ಜಿಗಿದ ಒಬ್ಬ ಹೆಂಗಸಿಗೆ ಕಾಲು ಉಳುಕಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಬ್ರೇಕಿನ ಸದ್ದು ನಿಂತು, ಗಾಡಿ ನಿಂತಿತು ಎಂದು ಬದರಿನಾಥರು ಹೇಳಿದ ಮೇಲೆ ನನ್ನ ಹೆಂಡತಿ ಕರೆದಳು. "ಗುರುಶಾಂತಪ್ಪ, ಗುರುಶಾಂತಪ್ಪ, ಇದು ಹೊನ್ನಕುಪ್ಪೆ. ಗಾಡಿ ನಿಂತಿದ್ಯಾ, ಓವರ್." ಸೆಟ್ಟಿನಲ್ಲಿ ಗಾಡಿಯ ನಂಬರ್ ಇಲ್ಲದವರನ್ನು ಹೆಸರು ಹಿಡಿದೇ ಕರೆಯಬೇಕು, ಆದ್ದರಿಂದ ಕರೆದಳು. ನಿಂತಿದೆ ಎಂದೆ. "ಖಂಡಿತಾನಾ, ಓವರ್" ಎಂದಳು. ಖಂಡಿತ, ಡ್ರೈವರ್ ಹೇಳಿದರು ಎಂದೆ. ಆಮೇಲೆ, "ಆ ಸೆಟ್ಟನ್ನ ಆಫ್ ಮಾಡಿ ಮನೇಲೇ ಇರಿ" ಎಂದಳು. ಅದಕ್ಕೆ ಓವರ್ ಅನ್ನಲಿಲ್ಲ.

ಆಕೆ ಮನೆಗೆ ಬಂದದ್ದು ಮರುದಿನ ಮಧ್ಯಾಹ್ನ, ಮೇಲಧಿಕಾರಿಗಳ ವಿಚಾರಣೆ ಮುಗಿಸಿಕೊಂಡು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, ಎಷ್ಟು ದಿನದಿಂದ ಕೇಳುತ್ತಿದ್ದೀರಿ ಎಂದಳು. ಜೂನ್‌ನಿಂದ ಎಂದೆ. "ಏನ್ ಕೇಳ್ಬೇಕೋ ನನ್ ಮುಖ ನೋಡಿ ಕೇಳ್ಬೋದಿತ್ತಲ್ರೀ" ಎಂದಳು. ಈಗ ಕೇಳುತ್ತೇನೆ ಎಂದು, ಮನೆಯಲ್ಲಿ ಹೇಳದ ವಿಷಯ ಏನು ಎಂದೆ. ಸ್ಟೇಷನ್ ಮಾಸ್ಟರ್ ಪ್ರಮೋಷನ್ನಿಗೆ ಹೆಸರು ಬಂದಿದೆ, ಹಾಸನದ ಕಡೆಗೆ ಹೋಗಬೇಕಾಗುತ್ತದೆ, ಅಂಗಡಿ ಬಿಟ್ಟು ನೀವು ಬರುವುದಿಲ್ಲ, ನೀನೂ ಹೋಗಬೇಡ ಎನ್ನುತ್ತೀರಿ, ಆದ್ದರಿಂದ ಹೇಳಲಿಲ್ಲ ಎಂದಳು. ಬದರಿನಾಥರ ಊರು ಹಾಸನ, ಮನೆ ಸಿಗುತ್ತದೆಯೇ ಎಂದು ಸ್ಟೇಷನ್ನಿನಲ್ಲಿ ಅವರನ್ನು ವಿಚಾರಿಸಿದ್ದಳಂತೆ.

ಬೇಡ ಎನ್ನುತ್ತಿದ್ದೆನೋ ಎಂದರೆ, ಹೌದು, ಎನ್ನುತ್ತಿದ್ದೆ.

ಆಮೇಲೆ, ಆ ಮನುಷ್ಯನ ಮೇಲೆ ನಿನಗೆ ಮನಸ್ಸಿದೆಯೋ ಎಂದು ಕೇಳಿದೆ. ಆಕೆ ಕೋಪ ಮಾಡಿಕೊಳ್ಳಲಿಲ್ಲ. ಯೋಚನೆ ಮಾಡಿ ಹೇಳಿದಳು. "ನಾನ್ ಆಡೋ ಮಾತ್ನ ಅವ್ರು ಪೂರ್ತಿ ಕೇಳಿಸ್ಕೋತಾರೆ. ಅದು ನಂಗೆ ಇಷ್ಟ. ಅಷ್ಟೇ ಇರೋದು. ನೀವು ಮೂರ್ ತಿಂಗ್ಳು ಕೂತು ನನ್ ಮಾತು ಕೇಳಿದೀರಲ್ಲ, ಒಂದಾದ್ರೂ ನನಗೋಸ್ಕರ ಕೇಳಿದ್ರಾ?" ಎಂದಳು. ಆಕೆ ಎರಡು ಸೀರೆ, ಡ್ಯೂಟಿಯ ಬ್ಯಾಗು ತೆಗೆದುಕೊಂಡು ತ್ಯಾಗರಾಜನಗರದ ತಾಯಿಯ ಮನೆಗೆ ಹೋದಳು. ಆಟೋ ತರುತ್ತೇನೆ ಎಂದೆ, ಬಸ್ಸಿದೆ ಎಂದಳು.

ಅದಾದ ನಾಲ್ಕು ದಿನಕ್ಕೆ ಬದರಿನಾಥರು ನನ್ನ ಅಂಗಡಿಗೆ ಬಂದರು. ಕೈಮುಗಿದು, "ನಿಮ್ಮಿಂದ ಉಳ್ಕೊಂಡೆ ಸಾರ್. ಗಾಡೀಲಿದ್ದ ಜನಾನೂ" ಎಂದರು. ಕೂರಲು ಸ್ಟೂಲು ಕೊಟ್ಟೆ. ಅವರು ಕೂತು, "ಒಂದ್ ಮಾತು ಹೇಳ್ತೀನಿ. ಮೇಡಂ ಡ್ಯೂಟಿ ಇದ್ದ ದಿನ ನಂಗೆ ಗಾಡಿ ತಗೊಂಡ್ ಹೊರಡೋಕೆ ಸಂತೋಷ ಆಗ್ತಿತ್ತು. ಸುಳ್ಳ್ಯಾಕೆ ಹೇಳ್ಲಿ. ಅದರ ಮುಂದಕ್ಕೆ ನಂದೊಂದು ಮಾತಿಲ್ಲ, ಅವ್ರದ್ದೂ ಇಲ್ಲ" ಎಂದರು. ಅದನ್ನು ನಾನು ನಂಬಿದ್ದೇನೆ. ಬಂದವರಿಗೆ ಪಕ್ಕದ ಹೋಟೆಲಿನಿಂದ ಕಾಫಿ ತರಿಸುವುದು ನನ್ನ ಪದ್ಧತಿ. ಅವರಿಗೆ ತರಿಸಲಿಲ್ಲ.

ಬದರಿನಾಥರ ಮೇಲೆ ನನ್ನ ದೂರು ಏನಾದರೂ ಇದೆಯೇ ಎಂಬುದಕ್ಕೆ ನನ್ನ ಉತ್ತರ: ಇಲ್ಲ. ಅವರು ಸರ್ಕಾರದ ಸೆಟ್ಟನ್ನು ತಪ್ಪು ಕೆಲಸಕ್ಕೆ ಬಳಸಿದ್ದನ್ನು ನಾನು ಕೇಳಿಲ್ಲ. ಊಟ ಆಯಿತಾ ಎಂದು ಕೇಳಿದ್ದು ತಪ್ಪಾದರೆ, ಅದನ್ನು ನಾನು ಒಂದು ದಿನವೂ ಕೇಳದೇ ಇದ್ದುದಕ್ಕೂ ಏನಾದರೂ ಹೆಸರು ಇರಬೇಕು. ಅವರ ಧ್ವನಿ ಕೇಳುವುದು ನನಗೆ ಈಗಲೂ ಆಗುವುದಿಲ್ಲ. ಅದು ಪೊಲೀಸರು ತೀರಿಸುವ ವಿಷಯ ಅಲ್ಲ.

ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಇಟ್ಟುಕೊಂಡು ಮಾತನಾಡಿದ್ದು ಕಾನೂನಿಗೆ ವಿರುದ್ಧ ಎಂದು ತಿಳಿಸಿದ್ದೀರಿ. ಒಪ್ಪುತ್ತೇನೆ. ಸೆಟ್ಟನ್ನೂ ಕಂಬಕ್ಕೆ ಕಟ್ಟಿದ್ದ ತಂತಿಯನ್ನೂ ತಮ್ಮ ಸಿಬ್ಬಂದಿ ನಾಗಲಕ್ಷ್ಮಮ್ಮನವರ ಎದುರಿನಲ್ಲಿ ವಶಕ್ಕೆ ತೆಗೆದುಕೊಂಡಿರುತ್ತಾರೆ. ಸೆಟ್ಟನ್ನು ತಡಮಾಡಿ ಇಟ್ಟುಕೊಂಡದ್ದು ನಾನು, ನಾನು ಅದರಲ್ಲಿ ಕೇಳುತ್ತಿದ್ದುದು ವೆಂಕಟಸ್ವಾಮಿಗೆ ತಿಳಿದಿರಲಿಲ್ಲ. ನನ್ನ ಹೆಂಡತಿಗೂ ತಿಳಿದಿರಲಿಲ್ಲ. ಈ ಕಾರಣಕ್ಕೆ ಆಕೆಯ ಪ್ರಮೋಷನ್ನಿಗೆ ತೊಂದರೆಯಾಗಬಾರದೆಂದು ರೈಲ್ವೆಯವರಿಗೆ ತಾವು ತಿಳಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಆಕೆ ಹಾಸನಕ್ಕೆ ಹೋಗಲು ನನ್ನ ಅಡ್ಡಿ ಇಲ್ಲ. ಇದನ್ನು ಆಕೆಗೆ ಇನ್ನೂ ಹೇಳಿಲ್ಲ.

ನಿನ್ನೆ ಸಂಜೆ ತ್ಯಾಗರಾಜನಗರಕ್ಕೆ ಹೋಗಿದ್ದೆ. ಆಕೆ ಬಾಗಿಲಿಗೆ ಬಂದು, ಈಗ ಡ್ಯೂಟಿಗೆ ಹೊರಟಿದ್ದೇನೆ, ಶುಕ್ರವಾರ ರಜಾ ಇದೆ, ಮಾತನಾಡುವುದಿದ್ದರೆ ಊಟದ ಹೊತ್ತಿಗೆ ಬನ್ನಿ ಎಂದಿರುತ್ತಾಳೆ. ಆದ್ದರಿಂದ ವಿಚಾರಣೆಗೆ ನಾನು ಬೇಕಾದಲ್ಲಿ ಯಾವ ದಿನ ಕರೆದರೂ ಹಾಜರಾಗುತ್ತೇನೆ, ಶುಕ್ರವಾರ ಒಂದು ದಿನ ಬಿಟ್ಟುಕೊಡಬೇಕಾಗಿ ಬೇಡಿಕೊಳ್ಳುತ್ತೇನೆ.

ಇಷ್ಟನ್ನು ನಾನು ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ. ನಡೆದದ್ದು ಹೀಗೆಯೇ.

ಸ್ಥಳ: ಬೆಂಗಳೂರು
ದಿನಾಂಕ: 26-8-1987

(ಸಹಿ) ಗುರುಶಾಂತಪ್ಪ